ಸಣ್ಣ ಗಾಲಿ, ದೊಡ್ಡ ಬ್ರೇಕ್: ರಿಮ್ ತುಂಬಿತು ಅಂತ ಗಾಡಿ ನಿಲ್ಲೂದಿಲ್ಲ

(1)
ದೋಸ್ತ್ರ, ಇದು ಒಂದ ಕ್ಯಾಪ್ಶನ್‌ದಾಗ ಮುಗಿಯೂ ಮಾತಲ್ಲ. ಸೇವ್ ಮಾಡ್ಕೊಂಡು ಚಾ ಕುಡಕೋತ ಓದ್ರಿ.

ಹೋದ ವಾರ ನಮ್ಮ ಕಾಕಾನ ಪದ್ಮಿನಿ ಫೋಟೊ ಹಾಕಿದ್ನೆಲ್ಲ, ಅದಕ್ಕ ಬಂದ ಕಮೆಂಟ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ರಾಗ. ‘ಮುಂದ ಡಿಸ್ಕ್ ಹಾಕ್ಸು ಲೇ.’ ‘ಹಾಕ್ಸೂದಾದ್ರ ದೊಡ್ಡದ ಹಾಕ್ಸು.’ ‘ಗಾಲಿ ಸಣ್ಣದಾತು, ಅಲಾಯ್ ಹಾಕ್ಸಿ ಒಳಗ ಕೆಂಪು ಕ್ಯಾಲಿಪರ್ ಕಾಣೂವಂಗ ಮಾಡು.’ ನವಲಗುಂದದ ಒಬ್ಬ ದೋಸ್ತ ಅಂತೂ ಅವರಪ್ಪನ ಮಾರುತಿ 800ಕ್ಕ 14 ಇಂಚಿನ ಅಲಾಯ್ ನೋಡಿ ಇಟ್ಟಾನಂತ. ಅದರೊಳಗ ದೊಡ್ಡ ಗಾಡಿ ಡಿಸ್ಕ್ ಕೂಡಸ್ತಾನಂತ. ‘ನಿನ್ನ ಅಭಿಪ್ರಾಯ ಹೇಳು’ ಅಂತ ಡಿಎಂ ಮಾಡ್ಯಾನ.

ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಕಾರಣ ಆಮೇಲೆ. ಹಳೇ ಕಾರಿನ ಬ್ರೇಕ್ ಸುಧಾರಿಸುವುದು ತಪ್ಪಲ್ಲ, ಬೇಕಾದದ್ದೇ. ಆದರೆ ಗಾಲಿ ಕಂಪನಿ ಕೊಟ್ಟ ಅಳತೆಯಲ್ಲೇ ಇರಲಿ. ಅದರೊಳಗೆ ಸುರಕ್ಷಿತವಾಗಿ ಕೂಡುವಷ್ಟು ಬ್ರೇಕ್ ಹಾಕಬೇಕು, ಅಲ್ಲಿಗೆ ನಿಲ್ಲಿಸಬೇಕು. ದೊಡ್ಡ ಬ್ರೇಕ್ ಕೂಡಿಸಬೇಕು ಅನ್ನೋ ಒಂದೇ ಕಾರಣಕ್ಕ ಗಾಲಿ ದೊಡ್ಡದು ಮಾಡೂದು ಅಂದ್ರ, ಬಲಗೈಲೆ ಕೊಟ್ಟಿದ್ದನ್ನ ಎಡಗೈಲೆ ಕಸಗೊಂಡಂಗ. ಲೆಕ್ಕ ಹಾಕಿ ತೋರಿಸ್ತೀನಿ.

(2)
ಮೊದಲು ಯಾವ ಗಾಡಿಗಳ ಮಾತು ಅನ್ನೋದು ಸ್ಪಷ್ಟ ಇರಲಿ.

ಪದ್ಮಿನಿ ಅಂದರೆ 1964ರಲ್ಲಿ ಫಿಯಟ್ 1100 ಡಿಲೈಟ್ ಅಂತ ಮುಂಬೈಯ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ತಂದ ಕಾರು. 1970ರ ದಶಕದಲ್ಲಿ ಅದಕ್ಕೆ ಪ್ರೀಮಿಯರ್ ಪದ್ಮಿನಿ ಅಂತ ಹೆಸರಾಯಿತು. 1089 ಸಿಸಿ ಎಂಜಿನ್, 14 ಇಂಚಿನ ಸಣಕಲು ಗಾಲಿ, ನಾಲ್ಕೂ ಕಡೆ ಡ್ರಮ್ ಬ್ರೇಕ್. ಮುಂಬೈ ರಸ್ತೆಯಿಂದ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ಹೋದವು. ನಮ್ಮ ಅಣ್ಣಿಗೇರಿ, ಕುಂದಗೋಳ ಕಡೆ ಒಂದೊಂದು ಇನ್ನೂ ಹಿತ್ತಲದಾಗ ನಿಂತಾವು, ಮ್ಯಾಲ ಕೋಳಿ ಕುಂತಿರ್ತಾವ.

ಮಾರುತಿ 800ರ ಮಾರಾಟ 1983ರ ಡಿಸೆಂಬರ್‌ದಾಗ ಶುರು. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. 796 ಸಿಸಿ, 12 ಇಂಚಿನ ಗಾಲಿ. ನಾವು ದಿನಾ ನೋಡುವ 800ಗಳಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ‘800 ಹೆಂಗ ಕ್ಲಾಸಿಕ್ ಆಗತೈತಿ’ ಅಂತ ಸೀನಿಯರ್ ಒಬ್ರು ನಗ್ತಿದ್ರು. ನಗಲಿ ಬಿಡ್ರಿ. ನಮ್ಮ ಊರಾಗ ಎಷ್ಟೋ ಮನಿಗೆ ಬಂದ ಮೊದಲನೇ ಕಾರು ಅದು. ಮದುಮಕ್ಕಳು ಬಂದದ್ದು ಅದರಾಗ, ಬಾಣಂತಿ ಬಂದದ್ದೂ ಅದರಾಗ.

ಅಂಬಾಸಿಡರ್ ಈ ಚರ್ಚೆಗೆ ಹೆಚ್ಚು ಬೇಡ. ಅದರ ಗಾಲಿ 15 ಇಂಚು, ಒಳಗೆ ಜಾಗ ರಗಡ ಐತಿ. ಇಕ್ಕಟ್ಟು ಇರೂದು ಸಣ್ಣ ಗಾಲಿಯೊಳಗ.

(3)
ಗಾಡಿ ನಿಲ್ಲಿಸೂದು ಯಾರು? ಬ್ರೇಕ್ ಅಂತೀರಿ. ಅಲ್ಲ, ಟೈರು. ಬ್ರೇಕ್ ಗಾಲಿಯನ್ನು ಹಿಡಿಯುತ್ತದೆ ಅಷ್ಟೇ, ರಸ್ತೆಯನ್ನು ಹಿಡಿಯುವುದು ಟೈರು. ಪೆಡಲ್ ಜೋರಾಗಿ ಒತ್ತಿದಾಗ ನಾಲ್ಕೂ ಗಾಲಿ ಲಾಕ್ ಆಗಿ ಜಾರುವಷ್ಟು ಶಕ್ತಿ ಈಗಿರುವ ಬ್ರೇಕಿಗೆ ಇದ್ದರೆ, ಆ ಒಂದು ಸಲದ ನಿಲುಗಡೆಗೆ ಅದರ ದುಪ್ಪಟ್ಟು ಬ್ರೇಕ್ ಹಾಕಿದರೂ ದೂರ ಕಡಿಮೆ ಆಗುವುದಿಲ್ಲ.

60 ಕಿ.ಮೀ. ವೇಗದಲ್ಲಿದ್ದೀರಿ ಅಂತ ಇಟ್ಟುಕೊಳ್ಳಿ. ರಸ್ತೆಗೂ ಟೈರಿಗೂ ಇರುವ ಹಿಡಿತ 0.7 ಅಂತ ಹಿಡಿದರೆ ಬ್ರೇಕ್ ಒತ್ತಿದ ಮೇಲೆ ಸುಮಾರು 20 ಮೀಟರ್ ಹೋಗಿ ನಿಲ್ತೀರಿ. ಈಗ ಮಳೆಗಾಲ, ಹೊಲದಿಂದ ಹತ್ತಿದ ಟ್ರ್ಯಾಕ್ಟರ್ ರಸ್ತೆ ತುಂಬ ಎರೆಮಣ್ಣು ಬಳಿದು ಹೋಗೇತಿ. ಹಿಡಿತ 0.3ಕ್ಕೆ ಇಳಿಯಿತು ಅನ್ನಿ. ಅದೇ ಗಾಡಿ, ಅದೇ ಬ್ರೇಕ್, ಈಗ ಬೇಕಾಗುವುದು ಸುಮಾರು 47 ಮೀಟರ್. ಇದರಾಗ ಬ್ರೇಕಿನ ಅಳತೆ ಎಲ್ಲೂ ಬರಲೇ ಇಲ್ಲ, ನೋಡಿದ್ರಿಲ್ಲೋ? ಗಟ್ಟಿಯಾಗಿ ಕಲ್ಲಿನಂಗ ಆದ ಹತ್ತು ವರ್ಷದ ಟೈರ್ ಇಟ್ಕೊಂಡು ಡಿಸ್ಕ್ ಬಗ್ಗೆ ಮಾತಾಡೂದು, ಹರಕ ಚಪ್ಪಲಿ ಹಾಕ್ಕೊಂಡು ಓಟದ ಸ್ಪರ್ಧಾದಾಗ ಟೋಪಿ ಚಿಂತಿ ಮಾಡಿದಂಗ.

ಹಂಗಾದ್ರ ದೊಡ್ಡ ಬ್ರೇಕ್ ಯಾಕ ಬೇಕು? ಬಿಸಿ ತಡೆಯಾಕ. ಇದೇ ನಿಜವಾದ ಕಾರಣ, ಇದನ್ನ ಕಮೆಂಟ್‌ದಾಗ ಒಬ್ಬರೂ ಬರೀಲಿಲ್ಲ.

(4)
ಈ ಫೋಟೊ ಘಟ್ಟದ್ದು. ನವಲಗುಂದ ಮೇಲೆ ಹಾದು ಬರುವ ರಾಷ್ಟ್ರೀಯ ಹೆದ್ದಾರಿ 52 ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಮುಟ್ಟುತ್ತದೆ. ನಮ್ಮ ಬಯಲುಸೀಮೆ ಗಾಡಿಗಳ ಬ್ರೇಕಿಗೆ ನಿಜವಾದ ಪರೀಕ್ಷೆ ಅಲ್ಲಿ. ಗೋಕರ್ಣಕ್ಕೆ, ಇಡಗುಂಜಿಗೆ ಅಂತ ಮನಿ ಮಂದಿನೆಲ್ಲ ತುಂಬ್ಕೊಂಡು ಹೊರಡ್ತೀವಿ. ಊರಾಗ ವರ್ಷಗಟ್ಲೆ ಚೊಲೊ ಹಿಡಿದ ಬ್ರೇಕ್ ಅಲ್ಲಿ ಹತ್ತು ನಿಮಿಷದಾಗ ಬಣ್ಣ ಬದಲಿಸ್ತೈತಿ. ಲಾರಿ ಹಿಂದ ಇಳಿದವರಿಗೆ ಆ ಸುಟ್ಟ ಲೈನರ್ ವಾಸನಿ ಗೊತ್ತು.

ಲೆಕ್ಕ ನೋಡ್ರಿ. ಮಂದಿ, ಸಾಮಾನು ಸೇರಿ ಪದ್ಮಿನಿ 1250 ಕಿಲೊ ಆಯಿತು ಅನ್ನೋಣ. 80 ಕಿ.ಮೀ. ವೇಗದಿಂದ ಒಂದು ಸಲ ಪೂರ್ತಿ ನಿಲ್ಲಿಸಿದರೆ ಬ್ರೇಕ್ ನುಂಗುವ ಶಕ್ತಿ ಸುಮಾರು 310 ಕಿಲೊಜೌಲ್. ಒಂದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಬಿಸಿ ಅದು. ಒಂದು ಸಲಕ್ಕೆ ಒಂದು ಲೀಟರ್. ಊರಾಗ ಇದೇನೂ ದೊಡ್ಡದಲ್ಲ, ಮುಂದಿನ ಸಲ ಬ್ರೇಕ್ ಹಾಕುವುದರೊಳಗೆ ಆರಿರುತ್ತದೆ.

ಘಟ್ಟದಲ್ಲಿ ಹಾಗಲ್ಲ. ಎತ್ತರದಲ್ಲಿ 100 ಮೀಟರ್ ಇಳಿದರೆ ಅದೇ ಗಾಡಿ ಬಿಡುವ ಶಕ್ತಿ ಸುಮಾರು 1225 ಕಿಲೊಜೌಲ್, ಅಂದರೆ ಹತ್ತಿರ ಹತ್ತಿರ ನಾಲ್ಕು ಲೀಟರ್ ನೀರು. ಇನ್ನೂ 100 ಮೀಟರ್ ಇಳಿದರೆ ಮತ್ತೆ ನಾಲ್ಕು ಲೀಟರ್. ಆರಲು ಸಮಯವೇ ಇಲ್ಲ. ಗಾಳಿ ಸ್ವಲ್ಪ ತಗೊಳ್ತೈತಿ, ಎಂಜಿನ್ ಸ್ವಲ್ಪ ತಗೊಳ್ತೈತಿ, ಉಳಿದದ್ದೆಲ್ಲ ಡ್ರಮ್ಮಿಗೆ.

ಡ್ರಮ್ ಬಿಸಿಯಾದರೆ ಹಿಗ್ಗುತ್ತದೆ, ಅಂದರೆ ಲೈನರ್‌ನಿಂದ ದೂರ ಸರಿಯುತ್ತದೆ. ಪೆಡಲ್ ಒಳಗೊಳಗೆ ಹೋಗುತ್ತದೆ. ಲೈನರ್ ಅತಿಯಾಗಿ ಕಾದರೆ ಹಿಡಿತ ಬಿಡುತ್ತದೆ. ಡಿಸ್ಕ್ ಹಿಗ್ಗಿದರೆ ಪ್ಯಾಡಿನ ಕಡೆಗೇ ಹಿಗ್ಗುತ್ತದೆ, ಮತ್ತೆ ಅದು ಗಾಳಿಗೆ ತೆರೆದುಕೊಂಡಿರುತ್ತದೆ. ಅದಕ್ಕೇ ನಾನು ಡಿಸ್ಕ್ ವಿರೋಧಿ ಅಲ್ಲ. ಇನ್ನೊಂದು ಕಾರಣ ನಮ್ಮ ಕಡೆಯದೇ: ಬೆಣ್ಣಿಹಳ್ಳ, ತುಪ್ಪರಿಹಳ್ಳ ತುಂಬಿ ಹರಿಯುವಾಗ ನೀರಾಗ ಗಾಡಿ ಹಾಸಿ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು, ರಾಡಿ ಎರಡೂ ಕುಂತಿರ್ತಾವ. ಒಣಗುವ ತನಕ ಬ್ರೇಕ್ ಅರ್ಧ. ಡಿಸ್ಕ್ ಆದರೆ ಎರಡು ಸುತ್ತಿಗೆ ನೀರು ಎಸೆದುಬಿಡುತ್ತದೆ. (ತುಂಬಿದ ಹಳ್ಳ ದಾಟಬ್ಯಾಡ್ರಪ್ಪ ಮೊದಲ. ಅದು ಬ್ರೇಕಿನ ವಿಷಯ ಅಲ್ಲ, ಜೀವದ ವಿಷಯ.)

(5)
ಈಗ ಇಕ್ಕಟ್ಟಿನ ಲೆಕ್ಕ. 12 ಇಂಚಿನ ರಿಮ್ ಅಂದರೆ 305 ಮಿಲಿಮೀಟರ್. ಆದರೆ ಆ 305 ಟೈರ್ ಕೂಡುವ ಜಾಗದ ಅಳತೆ. ರಿಮ್ಮಿನ ನಡುವೆ ತಗ್ಗು ಇರುತ್ತದೆ, ಲೋಹಕ್ಕೊಂದು ದಪ್ಪ ಇರುತ್ತದೆ. ಒಳಗೆ ನಿಜವಾಗಿ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಆ ಜಾಗದಲ್ಲಿ ಡಿಸ್ಕ್ ಮಾತ್ರ ಕೂತರೆ ಆಗಲಿಲ್ಲ, ಅದರ ಮೇಲೆ ಕ್ಯಾಲಿಪರ್ ಏರಿ ಕೂಡಬೇಕು, ಕ್ಯಾಲಿಪರ್ ಮತ್ತು ರಿಮ್ ನಡುವೆ ಸಂದು ಉಳಿಯಬೇಕು.

ಇದರ ಹಳೇ ಉದಾಹರಣೆ ಇಂಗ್ಲೆಂಡಿನ ಮಿನಿ. 1959ರಲ್ಲಿ ಅಲೆಕ್ ಇಸಿಗೋನಿಸ್ ವಿನ್ಯಾಸ ಮಾಡಿದ ಆ ಪುಟಾಣಿ ಕಾರಿಗೆ 10 ಇಂಚಿನ ಗಾಲಿ, ಡ್ರಮ್ ಬ್ರೇಕ್. 1961ರಲ್ಲಿ ಜೋರಾಗಿ ಓಡುವ ಮಿನಿ ಕೂಪರ್ ಬಂದಾಗ ಮುಂದೆ 7 ಇಂಚಿನ ಡಿಸ್ಕ್ ಕೂಡಿಸಿದರು. 1963ರ ಕೂಪರ್ ಎಸ್‌ಗೆ ಏಳೂವರೆ ಇಂಚು. ಅಷ್ಟೇ. ಗಾಲಿ ಇನ್ನೂ 10 ಇಂಚೇ. ನಮ್ಮ ಹಂಚಿನಷ್ಟೂ ಇಲ್ಲದ ಆ ಡಿಸ್ಕ್ ಇಟ್ಟುಕೊಂಡೇ ಮಿನಿ 1964, 1965, 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು. ಅದು ಬಯಲು ರಸ್ತೆಯ ಸ್ಪರ್ಧೆ ಅಲ್ಲ ಮತ್ತ, ಆಲ್ಪ್ಸ್ ಗುಡ್ಡದ ಇಳಿಜಾರು.

ಇನ್ನೊಂದು ತುದಿಗೆ ಹೋಗ್ರಿ. ಫಾರ್ಮುಲಾ ಒನ್ ಕಾರುಗಳು 2021ರ ತನಕ ಓಡಿದ್ದು 13 ಇಂಚಿನ ಗಾಲಿ ಮೇಲೆ. ಡಿಸ್ಕಿಗೆ ಇದ್ದ ಮಿತಿ 278 ಮಿ.ಮೀ. 2022ರಲ್ಲಿ ಗಾಲಿ 18 ಇಂಚಾದ ಮೇಲೆ ಡಿಸ್ಕ್ 328 ಮಿ.ಮೀ. ತನಕ ಬೆಳೆಯಿತು. 300 ಕಿ.ಮೀ. ವೇಗದ ಗಾಡಿ ಅಷ್ಟು ವರ್ಷ 13 ಇಂಚಿನೊಳಗೆ ಬ್ರೇಕ್ ಹೊಂದಿಸಿಕೊಂಡಿತ್ತು, ನಮ್ಮ 800ಕ್ಕ 14 ಬೇಕಂತ! ಹೌದು, ಅವರದು ಕಾರ್ಬನ್ ಡಿಸ್ಕ್, ಅವರ ದುಡ್ಡು ಬ್ಯಾರೆ. ಗಾಲಿ ಸಣ್ಣದಿದ್ದರೆ ಬ್ರೇಕ್ ಕೆಟ್ಟದ್ದೇ ಇರಬೇಕು ಅನ್ನೋ ನಿಯಮ ಇಲ್ಲ ಅಂತ ತೋರಿಸಾಕ ಹೇಳಿದೆ.

(6)
ಸ್ವೈಪ್ ಮಾಡಿ ಈ ಫೋಟೊ ನಿಂತು ನೋಡ್ರಿ. ಗಾಲಿಯ ಒಳಬದಿ, ತುಂಬ ಎರೆಮಣ್ಣು. ಇದು ನಮ್ಮ ಕಡೆಯವರು ಮಾತ್ರ ಬರೆಯಬಹುದಾದ ಕ್ಯಾಪ್ಶನ್, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಯೂಟ್ಯೂಬಿನ ವಿಡಿಯೊಗಳಲ್ಲಿ ಕ್ಯಾಲಿಪರಿಗೂ ರಿಮ್ಮಿಗೂ ಎರಡು-ಮೂರು ಮಿಲಿಮೀಟರ್ ಸಂದು ಇದ್ದರೆ ಸಾಕು ಅಂತಾರೆ. ತೊಳೆದ ಡಾಂಬರು ರಸ್ತೆಗೆ ಸಾಕು. ನವಲಗುಂದ, ಅಣ್ಣಿಗೇರಿ ಹೊಲದ ದಾರಿಗೆ ಸಾಕಾಗೂದಿಲ್ಲ. ಎರಿ ಹೊಲದ ಮಣ್ಣು ಹಸಿ ಇದ್ದಾಗ ಹೆಂಗ ಇರ್ತೈತಿ ಅನ್ನೋದು ನಿಮಗ ಹೇಳೂದು ಬ್ಯಾಡ. ಚಪ್ಪಲಿಗೆ ಹತ್ತಿ ಒಂದೊಂದು ಕಾಲು ಎರಡು ಕಿಲೊ ಆಗ್ತೈತಿ. ಅದೇ ಮಣ್ಣು ಗಾಲಿಯೊಳಗೆ ಸುತ್ತಿಕೊಂಡು ಮೂರು ಮಿಲಿಮೀಟರ್ ಸಂದಿನಲ್ಲಿ ತುಂಬುತ್ತದೆ. ಮರುದಿನ ಬಿಸಿಲಿಗೆ ಒಣಗಿ ಇಟ್ಟಂಗಿಯಾಗುತ್ತದೆ. ಆಮೇಲೆ ಏನಾಗುತ್ತದೆ? ಮಣ್ಣು ಗಾಲಿಯ ತೂಕ ಒಂದು ಕಡೆಗೆ ಎಳೆದು ಸ್ಟೇರಿಂಗ್ ನಡುಗುತ್ತದೆ. ಕ್ಯಾಲಿಪರ್ ಸರಿದಾಡುವ ಪಿನ್ ಹಿಡಿದು ಒಂದೇ ಕಡೆಯ ಪ್ಯಾಡ್ ಸವೆಯುತ್ತದೆ. ಬ್ರೇಕಿಗೆ ಗಾಳಿ ಹೋಗುವ ದಾರಿ ಮುಚ್ಚುತ್ತದೆ, ದೊಡ್ಡ ಡಿಸ್ಕ್ ಹಾಕಿದ ಉದ್ದೇಶವೇ ಅಲ್ಲಿಗೆ ಸತ್ತಿತು. ಇನ್ನು ಒಂದು ಜಲ್ಲಿ ಕಲ್ಲು ಆ ಸಂದಿಗೆ ಸಿಕ್ಕಿತೋ, ರಿಮ್ಮಿನ ಒಳಮೈಗೆ ಸುತ್ತಲೂ ಗೀರು. ಅಲಾಯ್ ಆಗಿದ್ದರೆ ಆ ಗೀರಿನಿಂದಲೇ ಬಿರುಕು ಶುರುವಾಗಬಹುದು.

ಸಂದು ಎರಡು ಕಡೆ ನೋಡಬೇಕು. ಒಂದು, ಕ್ಯಾಲಿಪರಿನ ಬೆನ್ನಿಗೂ ರಿಮ್ಮಿನ ಒಳಸುತ್ತಿಗೂ. ಇನ್ನೊಂದು, ಕ್ಯಾಲಿಪರಿನ ಹೊರಮುಖಕ್ಕೂ ಗಾಲಿಯ ತಟ್ಟೆಗೂ. ಮಂದಿ ಮೊದಲನೇದನ್ನ ಅಳಿತಾರ, ಎರಡನೇದನ್ನ ಮರೀತಾರ. ಅಳೆಯಲು ದೊಡ್ಡ ಉಪಕರಣ ಬ್ಯಾಡ. ಅವ್ವ ಚಪಾತಿಗೆ ನಾದಿದ ಕಣಕದಾಗ ಒಂದು ಉಂಡಿ ತಗೊಂಡು ಕ್ಯಾಲಿಪರ್ ಮ್ಯಾಲ ಅಂಟಿಸಿ, ಗಾಲಿ ಕೂಡಿಸಿ, ಕೈಲೆ ಒಂದು ಸುತ್ತು ತಿರುವಿ ಬಿಚ್ಚಿ ನೋಡ್ರಿ. ಕಣಕ ಎಷ್ಟು ದಪ್ಪ ಉಳಿದಿದೆಯೋ ಅಷ್ಟು ಸಂದು. ಒಳಬದಿಗೆ ಬಡಿದಿರುವ ಬ್ಯಾಲೆನ್ಸಿನ ಸೀಸದ ತುಂಡು ಎಲ್ಲೈತಿ ಅನ್ನೋದೂ ನೋಡ್ರಿ, ಎಷ್ಟೋ ಸಲ ಬಡಿಯೂದು ಅದ.

ಸಂದು ಸಾಲಲಿಲ್ಲ ಅಂದರೆ ನಮ್ಮ ಕಡೆ ಮೂರು ಔಷಧ ನಡೆಯುತ್ತವೆ. ಕ್ಯಾಲಿಪರ್ ಬೆನ್ನನ್ನು ಗ್ರೈಂಡರ್ ಹಿಡಿದು ಸವರುವುದು. ರಿಮ್ ಒಳಗೆ ಲೇತ್ ಹೊಡೆಸುವುದು. ಹಬ್ಬಿಗೂ ಗಾಲಿಗೂ ನಡುವೆ ಸ್ಪೇಸರ್ ತಟ್ಟೆ ಇಟ್ಟು ಗಾಲಿ ಹೊರಗೆ ತಳ್ಳುವುದು. ಮೊದಲ ಎರಡಕ್ಕ ನನ್ನ ಉತ್ತರ ಒಂದೇ: ಬ್ಯಾಡ. ಕ್ಯಾಲಿಪರ್ ಒಳಗೆ ಪ್ರತಿ ಸಲ ಬ್ರೇಕ್ ಒತ್ತಿದಾಗ ಭಾರೀ ಒತ್ತಡ ಬರುತ್ತದೆ, ಅದರ ಬೆನ್ನು ಸುಮ್ನ ದಪ್ಪ ಮಾಡಿಲ್ಲ. ಸ್ಪೇಸರ್ ಬಗ್ಗೆ ಅಷ್ಟು ಕಡ್ಡಿ ಮುರಿದಂಗ ಹೇಳಲಾರೆ, ಸರಿಯಾಗಿ ಲೇತ್ ಮಾಡಿದ, ಹಬ್ಬಿನ ಮೇಲೆ ಬಿಗಿಯಾಗಿ ಕೂಡುವ ತೆಳ್ಳನೆಯದಿದ್ದರೆ, ಬೋಲ್ಟಿನ ಉದ್ದ ಸಾಕಷ್ಟಿದ್ದರೆ ನಡೆದೀತು. ದಪ್ಪನೆಯದಾದರೆ ಬೇರಿಂಗಿನ ಮೇಲೆ ಎಳೆತ ಹೆಚ್ಚುತ್ತದೆ, ನಟ್ಟಿಗೆ ಸಿಗುವ ಥ್ರೆಡ್ ಕಡಿಮೆಯಾಗುತ್ತದೆ. ಗೊಬ್ಬರ ಚೀಲ ಹೊತ್ತು ತಗ್ಗು ದಿನ್ನಿ ಹಾರುವ ಗಾಡಿಗೆ ಅದನ್ನು ಕಟ್ಟಬಾರದು.

(7)
ಈಗ ನವಲಗುಂದದ ದೋಸ್ತಿನ 14 ಇಂಚಿಗೆ ಬರೋಣ. ಕ್ಯಾಲ್ಕುಲೇಟರ್ ತಗೀರಿ.

800ರ ಟೈರ್ 145/70 ಆರ್12. ನಡುಮಧ್ಯದಿಂದ ಟೈರಿನ ಹೊರ ಅಂಚಿಗೆ 254 ಮಿ.ಮೀ. 14 ಇಂಚಿನ ಅಲಾಯ್‌ಗೆ 175/65 ಟೈರ್ ಹಾಕಿದರೆ 292 ಮಿ.ಮೀ. ಬ್ರೇಕ್ ತಿರುಚುವ ಶಕ್ತಿ ಅಷ್ಟೇ ಇದ್ದರೆ, ಗಾಲಿ ದೊಡ್ಡದಾದಷ್ಟೂ ರಸ್ತೆಗೆ ಮುಟ್ಟುವ ಬ್ರೇಕ್ ಬಲ ಕಡಿಮೆ. 254ನ್ನು 292ರಿಂದ ಭಾಗಿಸ್ರಿ: 0.87. ಅಂದರೆ ಬ್ರೇಕ್ ಮುಟ್ಟದೇ ಬರೀ ಗಾಲಿ ಬದಲಿಸಿದ್ದಕ್ಕೆ 100ಕ್ಕೆ 13 ಪಾಲು ಬ್ರೇಕ್ ಹೋಯಿತು. ದೊಡ್ಡ ಡಿಸ್ಕ್ ಹಾಕಿ ಗಳಿಸುವುದರಲ್ಲಿ ಮೊದಲ ಕಂತು ಈ ಸಾಲ ತೀರಿಸಲಿಕ್ಕೇ ಹೋಗುತ್ತದೆ. ಗುಡ್ಡದ ಮ್ಯಾಲ ಕಲ್ಲು ಹೊತ್ತು ಮತ್ತ ಕೆಳಗ ಇಳಿಸಿದಂಗ.

ಇಷ್ಟಕ್ಕ ಮುಗೀಲಿಲ್ಲ. ಟೈರ್ ದೊಡ್ಡದಾದರೆ ಗೇರ್ ಉದ್ದ ಆದಂತೆ. ಎಂಜಿನ್ ಹಿಡಿದು ನಿಲ್ಲಿಸುವ ಬಲವೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಅರಬೈಲ್ ಇಳಿಯುವಾಗ ಎರಡನೇ ಗೇರ್ ನಿಮ್ಮನ್ನು ಎಷ್ಟು ಹಿಡಿಯಬೇಕಿತ್ತೋ ಅಷ್ಟು ಹಿಡಿಯುವುದಿಲ್ಲ, ಆ ಭಾರವೂ ಬ್ರೇಕಿನ ಮೇಲೆ. ಮೀಟರ್ 60 ತೋರಿಸುವಾಗ ನೀವು 69ರಲ್ಲಿ ಇರ್ತೀರಿ. ವೇಗ 60ರಿಂದ 69 ಆದರೆ ಬ್ರೇಕ್ ನುಂಗಬೇಕಾದ ಶಕ್ತಿ 100ಕ್ಕೆ 32ರಷ್ಟು ಹೆಚ್ಚು, ಏಕೆಂದರೆ ವೇಗದ ವರ್ಗ ಲೆಕ್ಕಕ್ಕೆ ಬರುತ್ತದೆ. ಡಿಪ್ಲೊಮಾ ಮೊದಲ ವರ್ಷದ ಪಾಠ ಇದು, ಪರೀಕ್ಷಾದಾಗ ಬರದು ಬಂದು ಗ್ಯಾರೇಜಿನಾಗ ಮರತ್ರ ಹೆಂಗ?

‘ಮತ್ತ ಮಿನಿಗೆ ಕಂಪನಿಯವರೇ ಗಾಲಿ ದೊಡ್ಡದು ಮಾಡಿದ್ರಲ್ಲ?’ ಅಂತ ಓದಿದವರು ಯಾರಾದರೂ ಕೇಳೇ ಕೇಳ್ತೀರಿ. ಹೌದು, 1984ರಲ್ಲಿ ಮಿನಿಗೆ 12 ಇಂಚಿನ ಗಾಲಿ ಬಂತು, ಅದರೊಳಗೆ 8.4 ಇಂಚಿನ, ಅಂದರೆ 213 ಮಿ.ಮೀ. ಡಿಸ್ಕ್ ಬಂತು. ನನ್ನ ವಾದಕ್ಕೆ ಇದು ಬಲವಾದ ಉತ್ತರವೇ. ಆದರೆ ಅವರು ಹಾಕಿದ ಟೈರ್ ನೋಡ್ರಿ: 145/70 ಆರ್12, ನಮ್ಮ 800ರ ಅಳತೆಯೇ. ರಿಮ್ ಬೆಳೆದರೂ ಟೈರ್ ಚಪ್ಪಟೆ ಮಾಡಿ ಹೊರ ಅಳತೆ ಹೆಚ್ಚು ಬೆಳೆಯದಂತೆ ನೋಡಿಕೊಂಡರು. ಗಾಲಿ, ಟೈರ್, ಬ್ರೇಕ್ ಮೂರನ್ನೂ ಕೂಡಿಸಿ ವಿನ್ಯಾಸ ಮಾಡಿ, ಓಡಿಸಿ ಪರೀಕ್ಷಿಸಿ ಆಮೇಲೆ ಮಾರಿದರು. ಮತ್ತ ಆ 12 ಇಂಚಿನ ಗಾಲಿಗೆ 213 ಮಿ.ಮೀ. ಡಿಸ್ಕ್ ಸಾಕು ಅಂದರು. ಸಂಡೇ ಬಾಜಾರದಾಗ ಸಿಕ್ಕ ರಿಮ್, ಗುಜರಿಯಾಗ ಸಿಕ್ಕ ಕ್ಯಾಲಿಪರ್, ವೆಲ್ಡಿಂಗ್ ಅಂಗಡಿ ಬ್ರ್ಯಾಕೆಟ್ ಕೂಡಿಸಿ ‘ಕಂಪನಿಯವರೂ ಮಾಡ್ಯಾರ’ ಅನ್ನೂದು ಆ ಸಾಲಿಗೆ ಸೇರೂದಿಲ್ಲ.

(8)
ಕಾಣದ ಭಾಗಗಳ ಬಗ್ಗೆ ಯಾರೂ ಪೋಸ್ಟ್ ಹಾಕೂದಿಲ್ಲ. ಫೋಟೊ ಚೊಲೊ ಬರೂದಿಲ್ಲ, ಅದಕ್ಕ. ಅಪಾಯ ಇರುವುದು ಅಲ್ಲೇ.

ಡ್ರಮ್ ಬ್ರೇಕಿನಲ್ಲಿ ಗಾಲಿ ತಿರುಗುವ ರಭಸವೇ ಮುಂದಿನ ಶೂವನ್ನು ಡ್ರಮ್ಮಿನೊಳಗೆ ಎಳೆದುಕೊಳ್ಳುತ್ತದೆ. ಅಂದರೆ ಡ್ರಮ್ ತನಗೆ ತಾನೇ ಸ್ವಲ್ಪ ಸಹಾಯ ಮಾಡಿಕೊಳ್ಳುತ್ತದೆ. ಡಿಸ್ಕಿಗೆ ಆ ಗುಣ ಇಲ್ಲ, ಕಾಲಿನ ಬಲವೇ ಬೇಕು. ಬೂಸ್ಟರ್ ಇಲ್ಲದ ಹಳೇ ಪದ್ಮಿನಿಗೆ ಬರೀ ಡಿಸ್ಕ್ ಕೂಡಿಸಿ ಬಿಟ್ಟರೆ ಪೆಡಲ್ ಕಲ್ಲು ತುಳಿದಂತೆ ಇರುತ್ತದೆ. ನಿಮ್ಮ ಕಾಲಿಗೆ ಸರಿ ಹೋದೀತು, ಮನೆಯಲ್ಲಿ ಇನ್ನೊಬ್ಬರು ಓಡಿಸಿದಾಗ?

ಕ್ಯಾಲಿಪರಿನ ಪಿಸ್ಟನ್ ದೊಡ್ಡದು, ಅದನ್ನು ತಳ್ಳಲು ಹೆಚ್ಚು ಆಯಿಲ್ ಬೇಕು. ಡ್ರಮ್ಮಿಗೆ ಅಂತ ಮಾಡಿದ ಮಾಸ್ಟರ್ ಸಿಲಿಂಡರ್ ಒಂದೇ ತುಳಿತಕ್ಕೆ ಅಷ್ಟು ಕಳಿಸದೇ ಇರಬಹುದು. ಇನ್ನೊಂದು ಸೂಕ್ಷ್ಮ: ಡ್ರಮ್ ಗಾಡಿಗಳ ಹಳೇ ಮಾಸ್ಟರ್ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ವಾಲ್ವ್ ಇರುತ್ತದೆ, ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಚೂರು ಒತ್ತಡ ಉಳಿಸುತ್ತದೆ. ಡ್ರಮ್ಮಿಗೆ ಅದು ಬೇಕು. ಡಿಸ್ಕಿನ ಲೈನಿನಲ್ಲಿ ಅದು ಉಳಿದುಬಿಟ್ಟರೆ ಪ್ಯಾಡ್ ಸದಾ ತಿಕ್ಕುತ್ತಲೇ ಇರುತ್ತದೆ. ಹುಬ್ಬಳ್ಳಿ ಮುಟ್ಟುವುದರೊಳಗೆ ಗಾಲಿ ಮುಟ್ಟಿದರೆ ಕೈ ಸುಡುತ್ತದೆ, ಮೈಲೇಜ್ ಬಿತ್ತು ಅಂತ ಕಾರ್ಬ್ಯುರೇಟರ್ ಬಿಚ್ಚುತ್ತಾ ಕೂಡ್ತೀರಿ.

ಹಿಂದಿನ ಗಾಲಿಗೂ ಡಿಸ್ಕ್ ಹಾಕುವ ಹುಚ್ಚಿನ ಬಗ್ಗೆ ಎರಡೇ ಮಾತು. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಬರುತ್ತದೆ, ಹಿಂದಿನ ಗಾಲಿ ಹಗುರಾಗುತ್ತದೆ. ಹಗುರಾದ ಗಾಲಿಗೆ ಬಲವಾದ ಬ್ರೇಕ್ ಕೊಟ್ಟರೆ ಅದೇ ಮೊದಲು ಲಾಕ್ ಆಗಿ ಗಾಡಿ ಗಿರಕಿ ಹೊಡೆಯುತ್ತದೆ. ಮುಂದಿನದು ಲಾಕ್ ಆದರೆ ನೆಟ್ಟಗೆ ಜಾರ್ತೀರಿ, ಹಿಂದಿನದು ಮೊದಲು ಲಾಕ್ ಆದರೆ ಎದುರಿನ ಲಾರಿಗೆ ಬಾಗಿಲು ಕೊಟ್ಟು ನಿಲ್ತೀರಿ. ಮತ್ತ ಡ್ರಮ್ ಮ್ಯಾಲ ಕ್ಯಾಲಿಪರ್ ಆಕಾರದ ಕೆಂಪು ಪ್ಲಾಸ್ಟಿಕ್ ಕವರ್ ಹಾಕೂದು? ಕಲಘಟಗಿ ತೊಟ್ಟಿಲಕ್ಕ ಹಚ್ಚಿದಷ್ಟು ಚಂದ ಬಣ್ಣ ಹಚ್ಚಿದ್ರೂ ಡ್ರಮ್ ಡ್ರಮ್ಮ. ಅದರ ಬಿಸಿ ಹೊರಗ ಹೋಗೂ ದಾರಿಗೂ ಅಡ್ಡ.

ಕಾಗದದ ವಿಷಯವನ್ನೂ ಇಲ್ಲೇ ಮುಗಿಸ್ತೀನಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿ ಮಾರ್ಪಾಟಿಗೆ ಕಟ್ಟು ಹಾಕಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ ಅಂತ ಹೇಳಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಆಗ ಗಾಡಿ ಆರ್‌ಟಿಓ ಮುಂದೆ ನಿಲ್ಲಲೇಬೇಕು. 2021ರಲ್ಲಿ ಬಂದ ವಿಂಟೇಜ್ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ಪ್ರತ್ಯೇಕ ನೋಂದಣಿ ಸಿಗುತ್ತದೆ, ಆದರೆ ಅದಕ್ಕೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಕಾಕಾನ ಗಾಡಿಗೆ ಆ ಆಸೆ ಇದ್ದವರು ಗ್ರೈಂಡರ್ ಹಿಡಿಯೂ ಮೊದಲ ಯೋಚಿಸ್ರಿ. ಬ್ರೇಕ್ ಬದಲಿಸುವುದಾದರೆ ಆರ್‌ಟಿಓ ಮತ್ತು ವಿಮೆ ಎರಡೂ ಕಡೆ ಮೊದಲೇ ಬರವಣಿಗೆಯಲ್ಲಿ ಕೇಳಿ.

(9)
ಹಂಗಾದ್ರ ದುಡ್ಡು ಎಲ್ಲಿ ಹಾಕಬೇಕು?

ಮೊದಲು ಟೈರು, ನಾಲ್ಕೂ ಹೊಸವು, ಕಂಪನಿ ಹೇಳಿದ ಅಳತೆಯವು. ಆಮೇಲೆ ಬ್ರೇಕ್ ಆಯಿಲ್. ಈ ‘ಆಯಿಲ್’ ಅನ್ನೋ ಹೆಸರಿಂದ ನಮ್ಮ ಕಡೆ ಅರ್ಧ ಅನಾಹುತ ಆಗ್ಯಾವು. ಅದು ಎಣ್ಣೆ ಅಲ್ಲ, ಅದಕ್ಕೆ ಎಂಜಿನ್ ಆಯಿಲ್ ಬೆರೆಸಿದರೆ ಒಳಗಿನ ರಬ್ಬರ್ ಎಲ್ಲ ಉಬ್ಬಿ ಹಾಳಾಗುತ್ತದೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 3 ಹೊಸದಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230, ತೇವದಲ್ಲಿ 155. ಘಟ್ಟದಲ್ಲಿ ಆಯಿಲ್ ಕುದ್ದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ, ಅಲ್ಲಿ ಡಿಸ್ಕ್ ಎಷ್ಟು ದೊಡ್ಡದಿದ್ದರೂ ಅಷ್ಟೇ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ ಏರ್ ತೆಗೆಸ್ರಿ. ಇದು ಅಲಾಯ್ ಸೆಟ್ಟಿನ ಒಂದು ಗಾಲಿ ಬೆಲೆಯೂ ಆಗೂದಿಲ್ಲ.

ಆಮೇಲೆ ಹಳೇ ರಬ್ಬರ್ ಪೈಪು, ವೀಲ್ ಸಿಲಿಂಡರ್ ಕಿಟ್, ಲೈನರ್, ಡ್ರಮ್ ಗುಂಡಗಿದೆಯೋ ಇಲ್ಲವೋ ಅಂತ ಲೇತ್‌ನವರ ಹತ್ತಿರ ತೋರಿಸುವುದು, ಲೈನರ್ ಸವೆದಂತೆ ಅಡ್ಜಸ್ಟ್ ಮಾಡಿಸುವುದು. ಹಳೇ ಲೈನರಿನಲ್ಲಿ ಕಲ್ನಾರು ಇರಬಹುದು, ಕಂಪ್ರೆಸರ್ ಗಾಳಿ ಹೊಡೆದು ಆ ಧೂಳು ಊದಬ್ಯಾಡ್ರಿ, ಒದ್ದಿ ಬಟ್ಟೀಲೆ ಒರಸ್ರಿ. ಬಹಳಷ್ಟು ಹಳೇ ಕಾರುಗಳಿಗೆ ಬ್ರೇಕ್ ಲೈನ್ ಒಂದೇ ಸರ್ಕೀಟ್, ಎಲ್ಲಿ ಸೋರಿದರೂ ನಾಲ್ಕೂ ಗಾಲಿ ಬ್ರೇಕ್ ಹೋಯಿತು. ದೊಡ್ಡ ಡಿಸ್ಕಿಗೆ ಇಟ್ಟ ದುಡ್ಡಿನಲ್ಲಿ ಮುಂದೆ-ಹಿಂದೆ ಬೇರೆ ಬೇರೆ ಇರುವ ಜೋಡಿ ಮಾಸ್ಟರ್ ಸಿಲಿಂಡರ್ ಹಾಕಿಸಿದರೆ ಅದು ನಿಜವಾದ ಸುಧಾರಣೆ ಅಂತ ನಾ ಒಪ್ಪುತ್ತೇನೆ. ಹೊರಗಿನಿಂದ ಏನೂ ಕಾಣೂದಿಲ್ಲ, ಲೈಕ್ ಬರೂದಿಲ್ಲ.

ಇದೆಲ್ಲ ಮಾಡಿದ ಮೇಲೂ ವರ್ಷಕ್ಕೆ ನಾಲ್ಕಾರು ಸಲ ಮಂದಿ ತುಂಬಿಕೊಂಡು ಘಟ್ಟ ಇಳಿಯುವ ಪದ್ಮಿನಿ ಆದರೆ, ಮುಂದೆ ಡಿಸ್ಕ್ ಹಾಕಿಸಲಿ. 14 ಇಂಚಿನ ಮೂಲ ಗಾಲಿಯೊಳಗೆ, ಗ್ರೈಂಡರ್ ಮುಟ್ಟದೇ, ನಮ್ಮ ಮಣ್ಣು ತುಂಬಿದರೂ ಉದುರುವಷ್ಟು ಸಂದು ಉಳಿಯುವಂಥ ಡಿಸ್ಕ್. ಜೊತೆಗೆ ಅದಕ್ಕೆ ತಕ್ಕ ಮಾಸ್ಟರ್ ಸಿಲಿಂಡರ್, ಬೂಸ್ಟರ್. ಕಾಕಾಗೂ ಇದನ್ನೇ ಹೇಳಿದೀನಿ. ‘ಮೊದಲ ಎರಡನೇ ಗೇರ್‌ನ್ಯಾಗ ಇಳಿಯೂದು ಕಲಿ, ಆಮ್ಯಾಲ ನನಗ ಬುದ್ಧಿ ಹೇಳು’ ಅಂದ್ರು. ಅದೂ ಖರೇನ.

ನವಲಗುಂದದ ದೋಸ್ತ, ನಿನ್ನ 800ಕ್ಕ ಕಂಪನಿ ಡಿಸ್ಕ್ ಸಾಕು, ಹೊಸ ಪ್ಯಾಡ್ ಹಾಕ್ಸು, ಆಯಿಲ್ ಬದಲಿಸು, ಅಲಾಯ್ ಅಂಗಡಿಯವರಿಗೆ ಅಡ್ವಾನ್ಸ್ ಕೊಡಬ್ಯಾಡ. ಅದಕ್ಕೂ ಮೊದಲ ಟೈರಿನ ಪಕ್ಕದಾಗ ಉದ್ದ ಗೋಳದೊಳಗ ನಾಕು ಅಂಕಿ ಇರ್ತಾವ ನೋಡು. ಮೊದಲ ಎರಡು ವಾರ, ಕೊನೇ ಎರಡು ವರ್ಷ. 2314 ಅಂತ ಇದ್ದರೆ 2014ರ 23ನೇ ವಾರದ ಟೈರ್ ಅಂತ ಅರ್ಥ. ಸ್ಟೆಪ್ನಿದೂ ಸೇರಿಸಿ ಐದೂ ಟೈರಿನ ಫೋಟೊ ತಗದು ಡಿಎಂದಾಗ ಕಳಿಸು, ನೋಡಿ ಹೇಳ್ತೀನಿ.

#ಪದ್ಮಿನಿ #ಮಾರುತಿ800 #ಧಾರವಾಡ #ಗ್ಯಾರೇಜ್‌ಮಾತು